ಎಷ್ಟು ಲೇಖನ ಎಂದು ಕೇಳುವ ಮೊದಲು ಯಾವ ಕೆಲಸ ಎಂದು ಕೇಳೋಣ

ಇತ್ತೀಚೆಗೆ ನಮ್ಮ ಸಮುದಾಯದ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಅಭಿನಂದನೆಯ ಧಾಟಿ ಬದಲಾಗಿದೆ. ಮೊದಲೆಲ್ಲ 'ಇಂಥವರ ಮಗ ಡಾಕ್ಟರ್ ಆದ, ಇಂಥವರ ಮಗಳಿಗೆ ರ‍್ಯಾಂಕ್ ಬಂತು' ಎಂದಿರುತ್ತಿತ್ತು. ಈಗ 'ಇಷ್ಟು ಸಂಶೋಧನಾ ಲೇಖನ, ಇಷ್ಟು ಸೈಟೇಷನ್, ಎಚ್-ಇಂಡೆಕ್ಸ್ ಇಷ್ಟು' ಎಂದು ಬರುತ್ತದೆ. ಸಂತೋಷದ ವಿಷಯವೇ. ಬೀಡಿ ಕಟ್ಟಿ, ಮೀನು ಮಾರಿ, ಗಲ್ಫ್‌ನಲ್ಲಿ ದುಡಿದು ಮಕ್ಕಳನ್ನು ಓದಿಸಿದ ತಲೆಮಾರಿನ ಮೊಮ್ಮಕ್ಕಳು ಇವತ್ತು ಪ್ರಯೋಗಾಲಯಗಳಲ್ಲಿ ಕುಳಿತಿದ್ದಾರೆ. ದೇರಳಕಟ್ಟೆಯಿಂದ ಕೋಲಾರದ ಟಮಕದವರೆಗೆ ವೈದ್ಯಕೀಯ ಕಾಲೇಜುಗಳಿರುವ ಈ ಕಾಲದಲ್ಲಿ ಅವರ ಸಂಖ್ಯೆ ಇನ್ನೂ ಹೆಚ್ಚಲಿ.

ಆದರೆ ಈ ಅಂಕಿಗಳ ಅರ್ಥವನ್ನು ಮನೆಮಂದಿಗೆ ಯಾರೂ ಬಿಡಿಸಿ ಹೇಳುವುದಿಲ್ಲ. ಟ್ರಸ್ಟ್‌ನವರು ಪ್ರಶಸ್ತಿಗೆ ಹೆಸರು ಆರಿಸುವಾಗ, ಹಿರಿಯರು ಸಂಬಂಧ ನೋಡುವಾಗ, ಜಮಾಅತ್‌ನಲ್ಲಿ ಸನ್ಮಾನ ಮಾಡುವಾಗ ದೊಡ್ಡ ಸಂಖ್ಯೆ ಇದ್ದವರೇ ದೊಡ್ಡ ವಿಜ್ಞಾನಿ ಎಂಬ ಲೆಕ್ಕ ನಡೆಯುತ್ತದೆ. ಈ ಲೆಕ್ಕದಿಂದ ಒಳ್ಳೆಯ ಕೆಲಸ ಮಾಡುವ ಕೆಲವು ಮಕ್ಕಳು ಹಿಂದೆ ಬೀಳುತ್ತಾರೆ, ಕೆಲವರು ಅಡ್ಡದಾರಿ ಹಿಡಿಯುತ್ತಾರೆ. ಆದ್ದರಿಂದ ಈ ಅಳತೆಗೋಲು ಏನು ಅಳೆಯುತ್ತದೆ, ಏನು ಅಳೆಯುವುದಿಲ್ಲ ಎಂದು ಸ್ವಲ್ಪ ನೋಡುವಾ.

ಒಬ್ಬರ ಸಂಶೋಧನಾ ಲೇಖನವನ್ನು ಇನ್ನೊಬ್ಬರು ತಮ್ಮ ಲೇಖನದಲ್ಲಿ ಹೆಸರಿಸಿದರೆ ಅದು ಒಂದು ಸೈಟೇಷನ್, ಅಂದರೆ ಉಲ್ಲೇಖ. ಅಮೆರಿಕದ ಯೂಜೀನ್ ಗಾರ್ಫೀಲ್ಡ್ 1955ರಲ್ಲಿ ಇಂಥ ಉಲ್ಲೇಖಗಳ ಪಟ್ಟಿ ಮಾಡುವ ಯೋಚನೆ ಮುಂದಿಟ್ಟರು; 1964ರಲ್ಲಿ ಸೈನ್ಸ್ ಸೈಟೇಷನ್ ಇಂಡೆಕ್ಸ್ ಹೊರಬಂತು. ಒಂದು ವಿಷಯದ ಮೇಲೆ ಯಾರು ಯಾರು ಬರೆದಿದ್ದಾರೆ ಎಂದು ಹುಡುಕಲು ಸುಲಭವಾಗಲಿ ಎಂಬುದು ಅದರ ಮೂಲ ಉದ್ದೇಶ. ಮನುಷ್ಯರಿಗೆ ಅಂಕ ಕೊಡುವ ಕೆಲಸ ಅದಕ್ಕೆ ಆಮೇಲೆ ಅಂಟಿಕೊಂಡಿತು. ಎಚ್-ಇಂಡೆಕ್ಸ್ ಎಂಬುದನ್ನು 2005ರಲ್ಲಿ ಹೇಳಿಕೊಟ್ಟವರು ಕ್ಯಾಲಿಫೋರ್ನಿಯಾದ ಭೌತವಿಜ್ಞಾನಿ ಜಾರ್ಜ್ ಹಿರ್ಷ್. ತೋಟದ ಲೆಕ್ಕದಲ್ಲಿ ಹೇಳುವುದಾದರೆ, ಕನಿಷ್ಠ 10 ಕಾಯಿ ಬಿಟ್ಟ ತೆಂಗಿನ ಮರ 10 ಇದ್ದರೆ ಆ ತೋಟದ ಎಚ್-ಇಂಡೆಕ್ಸ್ 10. ಒಂದೇ ಮರದಲ್ಲಿ 500 ಕಾಯಿ ಇದ್ದು ಉಳಿದವು ಬರಡಾದರೆ ಎಚ್-ಇಂಡೆಕ್ಸ್ 1 ಮಾತ್ರ. ಈ ಅಂಕಿ ವಯಸ್ಸಿನ ಜೊತೆ ಏರಬಹುದು, ಇಳಿಯುವುದಿಲ್ಲ. ಹಾಗಾಗಿ 30 ವರ್ಷದ ಸಂಶೋಧಕಿಯನ್ನು 60 ವರ್ಷದ ಪ್ರೊಫೆಸರ್ ಜೊತೆ ಇಟ್ಟು ಅಳೆಯುವುದು ನ್ಯಾಯವಲ್ಲ.

ವಿಷಯದ ವ್ಯತ್ಯಾಸವೂ ಇದೆ. ಕ್ಯಾನ್ಸರ್ ಬಗ್ಗೆ ಜಗತ್ತಿನಾದ್ಯಂತ ಲಕ್ಷಾಂತರ ಮಂದಿ ಕೆಲಸ ಮಾಡುತ್ತಾರೆ, ಒಬ್ಬರನ್ನೊಬ್ಬರು ಉಲ್ಲೇಖಿಸುತ್ತಾರೆ. ನಮ್ಮ ಮಂಗನ ಕಾಯಿಲೆಯನ್ನು ತೆಗೆದುಕೊಳ್ಳಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದಾಗ ಪುಣೆಯ ವೈರಸ್ ಸಂಶೋಧನಾ ಕೇಂದ್ರದ ತಂಡ ಬಂದು ವೈರಾಣುವನ್ನು ಗುರುತಿಸಿತು. 80ರ ದಶಕದಲ್ಲಿ ಅದು ನಮ್ಮದೇ ಜಿಲ್ಲೆಯ ಬೆಳ್ತಂಗಡಿ ಕಡೆಗೂ ಬಂತು. ಪಶ್ಚಿಮಘಟ್ಟದ ಆಚೀಚೆ ಮಾತ್ರ ಕಾಣುವ ರೋಗದ ಮೇಲೆ ಎಷ್ಟು ಒಳ್ಳೆಯ ಕೆಲಸ ಮಾಡಿದರೂ ಅದನ್ನು ಉಲ್ಲೇಖಿಸುವವರು ಕೆಲವೇ ಮಂದಿ. ಸೈಟೇಷನ್ ಕಡಿಮೆ ಎಂದರೆ ಕೆಲಸ ಸಣ್ಣದು ಎಂದು ಅರ್ಥವೇ? ಅಲ್ಲವಲ್ಲ.

ಇನ್ನೊಂದು ಉದಾಹರಣೆಗೆ ಘಟ್ಟ ಹತ್ತಿ ರಾಜ್ಯದ ಆ ತುದಿಗೆ ಹೋಗೋಣ. ಕೋಲಾರ ಜಿಲ್ಲೆ ಶ್ರೀನಿವಾಸಪುರ ತಾಲೂಕಿನ ರಾಯಲ್ಪಾಡು ಆಂಧ್ರದ ಗಡಿಯ ಹೋಬಳಿ. ಶ್ರೀನಿವಾಸಪುರ ಎಂದರೆ ನಮ್ಮ ಕಡೆಯವರಿಗೆ ಮಾವಿನಹಣ್ಣು ನೆನಪಾಗುತ್ತದೆ. ಆ ಜಿಲ್ಲೆಯಲ್ಲಿ ವರ್ಷಪೂರ್ತಿ ಹರಿಯುವ ನದಿ ಇಲ್ಲ. ಕುಡಿಯುವುದಕ್ಕೆ ಬೋರ್‌ವೆಲ್, ಅದೂ ಗಟ್ಟಿ ಬಂಡೆಯ ಆಳದಿಂದ. ಅಂಥ ಬಂಡೆಯ ನೀರಿನಲ್ಲಿ ಹಲವು ಕಡೆ ಫ್ಲೋರೈಡ್ ಹೆಚ್ಚಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಲೀಟರ್‌ಗೆ 1.5 ಮಿಲಿಗ್ರಾಂ. ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದ ಮಕ್ಕಳ ಹಲ್ಲಿನಲ್ಲಿ ಕಂದು ಕಲೆ ಬರುತ್ತದೆ. ಪ್ರಮಾಣ ಇನ್ನೂ ಹೆಚ್ಚಿದರೆ ದೊಡ್ಡವರ ಬೆನ್ನು, ಮೊಣಕಾಲು ಬಿಗಿಯುತ್ತದೆ. ನಮ್ಮ ದೇಶದಲ್ಲಿ ಈ ಫ್ಲೋರೋಸಿಸ್ ಬಗ್ಗೆ 1937ರಲ್ಲೇ ಆಗಿನ ಮದ್ರಾಸ್ ಪ್ರಾಂತ್ಯದಿಂದ ಶಾರ್ಟ್ ಮತ್ತು ಸಂಗಡಿಗರು ಬರೆದಿದ್ದರು. ಅಂದರೆ ಇದು ಹೊಸ ಸಂಶೋಧನೆ ಅಲ್ಲ. ದೊಡ್ಡ ಜರ್ನಲ್‌ಗಳಿಗೆ ಇದರಲ್ಲಿ ಅಷ್ಟು ಆಸಕ್ತಿಯೂ ಇಲ್ಲ.

ಈಗ ಒಬ್ಬ ಯುವ ವೈದ್ಯೆ ರಾಯಲ್ಪಾಡಿನ ಸುತ್ತಲಿನ ಹಳ್ಳಿಗಳಲ್ಲಿ ಮೂರು ವರ್ಷ ತಿರುಗಿ ಪ್ರತಿ ಬೋರ್‌ವೆಲ್‌ನ ನೀರು ಪರೀಕ್ಷೆ ಮಾಡಿ, ಶಾಲೆ ಮಕ್ಕಳ ಹಲ್ಲು ನೋಡಿ, ಯಾವ ಬೋರ್‌ವೆಲ್ ಮುಚ್ಚಬೇಕು ಎಂದು ಪಂಚಾಯಿತಿಗೆ ಹೇಳಿದರು ಎಂದುಕೊಳ್ಳಿ. ಅವರಿಗೆ ಸಿಗುವುದು ಒಂದು ಲೇಖನ, ಅದಕ್ಕೆ ನಾಲ್ಕೋ ಐದೋ ಉಲ್ಲೇಖ. ಅದೇ ಮೂರು ವರ್ಷದಲ್ಲಿ ಅವರ ಸಹಪಾಠಿ ಬೇರೆಯವರ ದತ್ತಾಂಶ ಜೋಡಿಸಿ, ಇಪ್ಪತ್ತು ಮಂದಿಯ ಜೊತೆ ಹೆಸರು ಹಾಕಿಸಿಕೊಂಡು 30 ಲೇಖನ ಮಾಡಬಹುದು. ಅಂಕಿ ನೋಡಿದರೆ ಸಹಪಾಠಿಯೇ ದೊಡ್ಡವರು. ನೀರು ಕುಡಿಯುವ ಮಗುವಿನ ಉಮ್ಮನನ್ನು ಕೇಳಿದರೆ ಉತ್ತರ ಬೇರೆ ಬರುತ್ತದೆ. ನಾಗಪುರದ ನೀರಿ ಸಂಸ್ಥೆ ರೂಪಿಸಿದ ನಲ್ಗೊಂಡ ವಿಧಾನ, ಸುಣ್ಣ ಮತ್ತು ಪಟಿಕ ಹಾಕಿ ನೀರಿನ ಫ್ಲೋರೈಡ್ ಇಳಿಸುವುದು, ಇಂಥದ್ದೇ ಕೆಲಸ. ಅದರ ಬೆಲೆ ಉಲ್ಲೇಖಗಳ ಪಟ್ಟಿಯಲ್ಲಿಲ್ಲ, ಜನ ಕುಡಿಯುವ ನೀರಿನಲ್ಲಿದೆ.

ಇದನ್ನು ನಾವು ಮಾತ್ರ ಹೇಳುತ್ತಿರುವುದಲ್ಲ. ಜರ್ನಲ್‌ನ ಹೆಸರು ನೋಡಿ ಸಂಶೋಧಕರನ್ನು ಅಳೆಯಬೇಡಿ ಎಂಬ ಸ್ಯಾನ್‌ಫ್ರಾನ್ಸಿಸ್ಕೊ ಘೋಷಣೆ 2013ರಲ್ಲಿ ಬಂತು. 2015ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾದ ಲೈಡನ್ ಪ್ರಣಾಳಿಕೆಯ ಹತ್ತು ತತ್ವಗಳಲ್ಲಿ ಒಂದು, ಸ್ಥಳೀಯ ಮಹತ್ವದ ಸಂಶೋಧನೆಯನ್ನು ಕಾಪಾಡಬೇಕು ಎನ್ನುವುದು.

ಇನ್ನು ಸಹಯೋಗದ ವಿಷಯ. ವೈದ್ಯಕೀಯ ಲೇಖನದಲ್ಲಿ ಹೆಸರುಗಳ ಸಾಲಿಗೂ ಅರ್ಥ ಇದೆ. ಮೊದಲ ಹೆಸರು ಸಾಮಾನ್ಯವಾಗಿ ಹೆಚ್ಚು ಕೆಲಸ ಮಾಡಿದವರದ್ದು, ಕೊನೆಯ ಹೆಸರು ಮಾರ್ಗದರ್ಶಕರದ್ದು. ನಡುವಿನ ಹೆಸರು ಯಾವುದೂ ಆಗಿರಬಹುದು: ಮುಖ್ಯ ಪ್ರಯೋಗ ಮಾಡಿದವರು, ರಕ್ತದ ಮಾದರಿ ಕೊಟ್ಟವರು, ಕೆಲವೊಮ್ಮೆ ಬರೀ ಮುಲಾಜಿಗೆ ಸೇರಿದವರು. 2014ರ ಮೇ ತಿಂಗಳಲ್ಲಿ 'ನೇಚರ್'ನಲ್ಲಿ ಬಂದ ಮಾನವ ಪ್ರೋಟೀನ್‌ಗಳ ಕರಡು ನಕಾಶೆ ಒಳ್ಳೆಯ ಸಹಯೋಗಕ್ಕೆ ಉದಾಹರಣೆ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯ ಮತ್ತು ನಮ್ಮ ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಬಯೊಇನ್ಫರ್ಮ್ಯಾಟಿಕ್ಸ್‌ನ ಸಂಶೋಧಕರು ಸೇರಿ 17,294 ಜೀನ್‌ಗಳ ಪ್ರೋಟೀನ್ ಗುರುತಿಸಿದರು. ಅಷ್ಟು ದೊಡ್ಡ ಕೆಲಸ ಒಬ್ಬರಿಂದ ಆಗುವುದಲ್ಲ. ಆ ಪಟ್ಟಿಯಲ್ಲಿ ಎಷ್ಟೋ ಯುವ ಭಾರತೀಯರ ಹೆಸರಿದೆ. ಹಾಗಾಗಿ ಪಟ್ಟಿ ಉದ್ದ ಇದ್ದರೆ ಅನುಮಾನ ಪಡಬೇಕಾಗಿಲ್ಲ. 'ಇದರಲ್ಲಿ ನಿನ್ನ ಪಾಲು ಏನು ಮೋನೇ?' ಎಂದು ಕೇಳಿದರೆ ಸಾಕು. ಕೆಲಸ ಮಾಡಿದವರು ಎರಡು ನಿಮಿಷದಲ್ಲಿ ಹೇಳುತ್ತಾರೆ.

ಉಲ್ಲೇಖ ಎಂದರೆ ಹೊಗಳಿಕೆ ಎಂದೂ ತಿಳಿಯಬಾರದು. 1998ರಲ್ಲಿ 'ಲ್ಯಾನ್ಸೆಟ್'ನಲ್ಲಿ ಆಂಡ್ರ್ಯೂ ವೇಕ್‌ಫೀಲ್ಡ್ ಮತ್ತು ಇತರರು ಕೇವಲ 12 ಮಕ್ಕಳ ಮೇಲೆ ಬರೆದ ಲೇಖನ ದಡಾರ ಲಸಿಕೆಗೂ ಆಟಿಸಂಗೂ ಸಂಬಂಧ ಇರಬಹುದು ಎಂಬ ಭಯ ಹುಟ್ಟಿಸಿತು. 2010ರಲ್ಲಿ ಪತ್ರಿಕೆ ಅದನ್ನು ಹಿಂತೆಗೆದುಕೊಂಡಿತು. ಆದರೂ ಅದಕ್ಕೆ ಬಿದ್ದ ಉಲ್ಲೇಖಗಳು ಸಾವಿರ ದಾಟಿವೆ. ಹೆಚ್ಚಿನವು ಅದನ್ನು ತಪ್ಪು ಎಂದು ತೋರಿಸಲು. ಎಣಿಸುವ ಯಂತ್ರಕ್ಕೆ ಬೈಗುಳವೂ ಒಂದು, ಹೊಗಳಿಕೆಯೂ ಒಂದು. ಲಸಿಕೆಯ ಬಗ್ಗೆ ಇಂಥ ಭಯ ಎಲ್ಲಿಯವರೆಗೆ ಬರುತ್ತದೆ ಎಂಬುದು ನಮಗೆ ಗೊತ್ತು. 2017ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ ದಡಾರ-ರುಬೆಲ್ಲಾ ಲಸಿಕೆ ಅಭಿಯಾನ ಶುರುವಾದಾಗ ಮೊಬೈಲ್‌ಗಳಲ್ಲಿ ಹರಿದಾಡಿದ ವದಂತಿಗಳನ್ನು ನೆನಪಿಸಿಕೊಳ್ಳಿ.

ಅಂಕಿಗಿಂತ ಆಧಾರ ನೋಡಬೇಕು ಎಂಬ ಮಾತು ನಮಗೆ ಹೊಸದೂ ಅಲ್ಲ. ಮದ್ರಸದಲ್ಲಿ ಕಲಿತವರಿಗೆ ಹದೀಸ್ ವಿದ್ವಾಂಸರ ಶಿಸ್ತು ಗೊತ್ತು. ಒಂದು ಮಾತು ಎಷ್ಟು ಬಾಯಿಯಲ್ಲಿ ಬಂತು ಎಂದು ಎಣಿಸಿ ಅವರು ಸುಮ್ಮನಾಗಲಿಲ್ಲ. ಯಾರಿಂದ ಯಾರಿಗೆ ಬಂತು, ಆ ವ್ಯಕ್ತಿ ಸತ್ಯವಂತನೇ, ನೆನಪು ಗಟ್ಟಿಯೇ, ಇಬ್ಬರೂ ನಿಜವಾಗಿ ಭೇಟಿಯಾಗಿದ್ದರೇ ಎಂದೆಲ್ಲ ಸನದನ್ನು ತೂಗಿ ನೋಡಿದರು. ಅದೇ ಪರಂಪರೆಯ ವೈದ್ಯ ಇಬ್ನುನ್ನಫೀಸ್ 13ನೇ ಶತಮಾನದಲ್ಲಿ ರಕ್ತ ಹೃದಯದ ಬಲಭಾಗದಿಂದ ಶ್ವಾಸಕೋಶದ ಮೂಲಕ ಎಡಭಾಗಕ್ಕೆ ಹೋಗುತ್ತದೆ ಎಂದು ಬರೆದರು. ಆಧುನಿಕ ಜಗತ್ತಿಗೆ ಅದು ಗೊತ್ತಾದದ್ದು 1924ರಲ್ಲಿ, ಈಜಿಪ್ಟಿನ ವೈದ್ಯರೊಬ್ಬರು ಬರ್ಲಿನ್‌ನ ಗ್ರಂಥಾಲಯದಲ್ಲಿ ಹಸ್ತಪ್ರತಿ ಕಂಡಾಗ. ಅಷ್ಟು ಶತಮಾನ ಉಲ್ಲೇಖ ಸಿಗದಿದ್ದರೂ ಅವರು ಬರೆದದ್ದು ನಿಜವೇ ಆಗಿತ್ತು. ನಮ್ಮ ಕಾಲದಲ್ಲೂ ನೋಡಿ, ಕೋವಿಡ್ ಲಸಿಕೆಗೆ ದಾರಿ ಮಾಡಿದ ಕಾಟಲಿನ್ ಕಾರಿಕೊ ಅವರಿಗೆ 1995ರಲ್ಲಿ ಅವರ ವಿಶ್ವವಿದ್ಯಾನಿಲಯ ಹಿಂಬಡ್ತಿ ಕೊಟ್ಟಿತ್ತು. ನೊಬೆಲ್ ಬಂದದ್ದು 2023ರಲ್ಲಿ.

ಹಾಗಂತ ಅಂಕಿ ಬೇಡವೇ ಬೇಡ ಎಂದು ನಾವು ಹೇಳುವುದಿಲ್ಲ. ವಶೀಲಿ ಇಲ್ಲದ ಮನೆಯ ಮಕ್ಕಳಿಗೆ ಅಂಕಿಯೇ ಆಸರೆ ಆಗುವುದೂ ಉಂಟು. 'ನನಗೆ ಯಾರ ಪರಿಚಯವೂ ಇಲ್ಲ, ಆದರೆ ನನ್ನ ಕೆಲಸವನ್ನು ಇಷ್ಟು ಮಂದಿ ಬಳಸಿದ್ದಾರೆ' ಎಂದು ತೋರಿಸಲು ಅದೊಂದು ದಾಖಲೆ. ಅಂಕಿಯನ್ನು ತೆಗೆದುಹಾಕಿದರೆ ಆ ಜಾಗಕ್ಕೆ ಶಿಫಾರಸು ಬಂದು ಕೂರುತ್ತದೆ. ತೊಂದರೆ ಇರುವುದು ಅಂಕಿ ಒಂದನ್ನೇ ನೋಡುವುದರಲ್ಲಿ.

ಆ ತೊಂದರೆ ಮನೆಬಾಗಿಲಿಗೂ ಬಂದಿದೆ. ವೈದ್ಯಕೀಯ ಶಿಕ್ಷಕರ ಬಡ್ತಿಗೆ ಇಂತಿಷ್ಟು ಪ್ರಕಟಣೆ ಬೇಕು ಎಂದು ಆಗಿನ ವೈದ್ಯಕೀಯ ಮಂಡಳಿ 2015ರಲ್ಲಿ ನಿಯಮ ಬಿಗಿ ಮಾಡಿತು. ಪ್ರಕಟಣೆಗೆ ಬೇಡಿಕೆ ಹೆಚ್ಚಾದಲ್ಲೆಲ್ಲ ಮಾರುವವರೂ ಬರುತ್ತಾರೆ. ಹಣ ಕೊಟ್ಟರೆ ಕೆಲವೇ ದಿನದಲ್ಲಿ ಲೇಖನ ಪ್ರಕಟಿಸುತ್ತೇವೆ, ಹೆಸರು ಸೇರಿಸುತ್ತೇವೆ ಎನ್ನುವ ಸಂದೇಶಗಳು ಎಳೆಯ ಸಂಶೋಧಕರ ಮೊಬೈಲ್‌ಗೆ ಬರುತ್ತಲೇ ಇರುತ್ತವೆ. ನಿಜವಾದ ಜರ್ನಲ್‌ಗಳೂ ಶುಲ್ಕ ಕೇಳುವುದುಂಟು, ಆದರೆ ಅಲ್ಲಿ ಪರಿಣತರ ಪರಿಶೀಲನೆ ಇರುತ್ತದೆ. ಪರಿಶೀಲನೆಯೇ ಇಲ್ಲದೆ ಪ್ರಕಟಿಸುವುದು ವ್ಯಾಪಾರ. ಮಗನೋ ಮಗಳೋ ಅಂಥದ್ದಕ್ಕೆ ಹಣ ಕೇಳಿದರೆ ಬಾಪ್ಪ ಕೇಳಬೇಕಾದ್ದು ಒಂದೇ: ಇದನ್ನು ಯಾರು ಓದಿ ಸರಿ ಎಂದರು? ಮಾಡದ ಕೆಲಸಕ್ಕೆ ಹೆಸರು ಹಾಕುವುದು ಸುಳ್ಳು ಸಾಕ್ಷಿ. ವೈದ್ಯಕೀಯದಲ್ಲಿ ಆ ಸುಳ್ಳನ್ನು ನಂಬಿ ಯಾರೋ ಒಬ್ಬ ರೋಗಿಗೆ ಮದ್ದು ಬರೆಯುತ್ತಾರೆ.

ಆದ್ದರಿಂದ ನಮ್ಮ ಟ್ರಸ್ಟ್‌ಗಳು, ಸಂಘಟನೆಗಳು, ಜಮಾಅತ್‌ಗಳ ಮುಂದೆ ಒಂದು ಸಣ್ಣ ಸಲಹೆ. ಸಂಶೋಧಕರಿಗೆ ಪ್ರಶಸ್ತಿ, ವಿದ್ಯಾರ್ಥಿವೇತನ ಕೊಡುವ ಅರ್ಜಿಯಲ್ಲಿ 'ಒಟ್ಟು ಲೇಖನಗಳು' ಎಂಬ ಅಂಕಣವನ್ನು ಕೆಳಗಿಡಿ. ಮೇಲೆ ಮೂರು ಪ್ರಶ್ನೆ ಹಾಕಿ. ನಿಮ್ಮ ಅತ್ಯುತ್ತಮ ಕೆಲಸ ಯಾವುದು, ಕನ್ನಡದಲ್ಲೋ ಬ್ಯಾರಿಯಲ್ಲೋ ಒಂದು ಪುಟದಲ್ಲಿ ಹೇಳಿ. ಅದರಲ್ಲಿ ನೀವೇ ಮಾಡಿದ್ದು ಯಾವ ಭಾಗ? ಅದನ್ನು ಯಾರು, ಯಾತಕ್ಕೆ ಬಳಸಿದ್ದಾರೆ? ಉತ್ತರ ನೋಡಲು ಆ ವಿಷಯ ಗೊತ್ತಿರುವ ಇಬ್ಬರು ಹೊರಗಿನವರನ್ನು ಕರೆಯಿರಿ. ಇದಕ್ಕೆ ಹೆಚ್ಚು ಖರ್ಚೂ ಇಲ್ಲ.

ಆಗ ರಾಯಲ್ಪಾಡಿನ ಬೋರ್‌ವೆಲ್ ನೀರಿನ ಮೇಲೆ, ಬೆಳ್ತಂಗಡಿಯ ಕಾಡಿನ ಉಣ್ಣೆಯ ಮೇಲೆ, ನಮ್ಮ ಮನೆಗಳಲ್ಲೇ ಕಾಣುವ ಸಕ್ಕರೆ ಕಾಯಿಲೆಯ ಮೇಲೆ ಕೆಲಸ ಮಾಡುವ ಹುಡುಗಿಯೂ ವೇದಿಕೆಗೆ ಬರುತ್ತಾಳೆ. ಅವಳ ಎಚ್-ಇಂಡೆಕ್ಸ್ 3 ಇರಬಹುದು. ಇರಲಿ ಬಿಡಿ. ಮುಂದಿನ ಸನ್ಮಾನದ ಪಟ್ಟಿ ಮಾಡುವಾಗ ಅವಳ ಹೆಸರನ್ನೂ ಒಮ್ಮೆ ಓದಿ ನೋಡಿ.