ತೂಕದ ಮೇಲೆ ತಪ್ಪು ಹೊರಿಸಬೇಡಿ

ಗಿರಣಿ ಕಾರ್ಮಿಕನೊಬ್ಬ ಐವತ್ತು ತುಂಬುವ ಮೊದಲೇ ಕೆಲಸ ಕಳೆದುಕೊಂಡು ಮನೆ ಸೇರಿದರೆ ಊರವರು ಆಡುವ ಮಾತು ಒಂದೇ: ಮೈ ಬೆಳೆಸಿಕೊಂಡ, ಸಕ್ಕರೆ ಕಾಯಿಲೆ ತಂದುಕೊಂಡ, ಮೊಣಕಾಲು ಹಾಳುಮಾಡಿಕೊಂಡ. ತಪ್ಪೆಲ್ಲವೂ ಅವನದೇ. ಈ ಮಾತನ್ನು ನಾವು ಒಪ್ಪುವುದಿಲ್ಲ.

ಅದೇ ತೂಕ, ಅದೇ ಮೊಣಕಾಲು ನೋವು ಮಾಲೀಕರಿಗೂ ಉಂಟು, ಮ್ಯಾನೇಜರರಿಗೂ ಉಂಟು. ಅವರು ಕಾರಿನಲ್ಲಿ ಬಂದು ಕುರ್ಚಿಯಲ್ಲಿ ಕುಳಿತು ಅರವತ್ತರವರೆಗೂ ಕೆಲಸ ಮಾಡುತ್ತಾರೆ. ನೂಲುವ ವಿಭಾಗದಲ್ಲಿ ಎಂಟು ಗಂಟೆ ನಿಂತು, ಕಡಿದ ಎಳೆ ಕೂಡಿಸುತ್ತ ಯಂತ್ರಗಳ ಸಾಲಿನುದ್ದಕ್ಕೂ ನಡೆಯುವವನಿಗೆ ಅದು ಸಾಧ್ಯವೇ? ಕಾಯಿಲೆ ಒಂದೇ ಆದರೂ ಒಬ್ಬನಿಗೆ ಸಿಗುವುದು ಔಷಧದ ಚೀಟಿ, ಇನ್ನೊಬ್ಬನಿಗೆ ಸಿಗುವುದು ಮನೆಗೆ ಹೋಗುವ ಚೀಟಿ.

ಆ ತೂಕವಾದರೂ ಎಲ್ಲಿಂದ ಬಂತು? ರಾತ್ರಿ ಪಾಳಿಯಿಂದ, ಕೆಟ್ಟ ನಿದ್ದೆಯಿಂದ, ಅಗ್ಗಕ್ಕೆ ಹೊಟ್ಟೆ ತುಂಬಿಸುವ ಅನ್ನ ಮತ್ತು ಕರಿದ ತಿಂಡಿಯಿಂದ. 1967ರಲ್ಲಿ ಲಂಡನ್ನಿನ ಸರಕಾರಿ ನೌಕರರ ಮೇಲೆ ಒಂದು ದೊಡ್ಡ ಅಧ್ಯಯನ ಆರಂಭವಾಯಿತು. ಮೇಲಿನ ದರ್ಜೆಯ ಅಧಿಕಾರಿಗಳಿಗೆ ಹೋಲಿಸಿದರೆ ಜವಾನರು, ಬಾಗಿಲು ಕಾಯುವವರು ಹೃದಯದ ಕಾಯಿಲೆಯಿಂದ ಸಾಯುವ ಪ್ರಮಾಣ ಸುಮಾರು ಮೂರು ಪಟ್ಟು ಹೆಚ್ಚಾಗಿತ್ತು. ತೂಕ, ಬೀಡಿ-ಸಿಗರೇಟು, ರಕ್ತದೊತ್ತಡ ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡರೂ ಈ ಅಂತರದ ಅರ್ಧಭಾಗಕ್ಕೂ ಕಾರಣ ಸಿಗಲಿಲ್ಲ. ಒಂದೇ ಸರಕಾರದ ಸಂಬಳ ತಿನ್ನುವವರಲ್ಲೇ ದರ್ಜೆ ಇಷ್ಟು ವ್ಯತ್ಯಾಸ ಮಾಡಿದರೆ, ಮಾಲೀಕನಿಗೂ ಕೂಲಿಕಾರನಿಗೂ ನಡುವೆ ಎಷ್ಟು ಮಾಡೀತು?

ತೂಕದ ಮಾತು ಮಾಲೀಕವರ್ಗಕ್ಕೆ ಇನ್ನೊಂದು ರೀತಿಯಲ್ಲೂ ಅನುಕೂಲ. ಹತ್ತಿಯ ಧೂಳಿನಿಂದ ಬರುವ ಬಿಸಿನೋಸಿಸ್ ಎಂಬ ಶ್ವಾಸಕೋಶದ ರೋಗವುಂಟು. ವಾರದ ರಜೆ ಮುಗಿಸಿ ಬಂದ ಮೊದಲ ದಿನವೇ ಎದೆ ಬಿಗಿಯುವುದು ಅದರ ಗುರುತು. ಪರಿಹಾರ ಕೊಡಬೇಕಾದ ಔದ್ಯೋಗಿಕ ರೋಗಗಳ ಪಟ್ಟಿಯಲ್ಲಿ ಅದರ ಹೆಸರಿದೆ. ಏದುಸಿರು ಬಿಡುವವನಿಗೆ “ತೂಕ ಇಳಿಸಪ್ಪಾ” ಎಂದಷ್ಟೇ ಹೇಳಿ ಕಳುಹಿಸಿದರೆ ಧೂಳು ಪಾರಾಯಿತು, ಪರಿಹಾರದ ಹಕ್ಕು ಮುಳುಗಿತು.

ಕಾಯಿದೆಯೂ ವರ್ಗ ನೋಡುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ 20ನೆಯ ಕಲಮಿನಂತೆ, ಸೇವೆಯಲ್ಲಿದ್ದಾಗ ಅಂಗವಿಕಲನಾದ ನೌಕರನನ್ನು ತೆಗೆಯಕೂಡದು; ಅದೇ ಸಂಬಳದ ಬೇರೆ ಹುದ್ದೆ ಕೊಡಬೇಕು. ನ್ಯಾಯವಾದ ಮಾತು. ಆದರೆ ಆ ರಕ್ಷಣೆ ಸರಕಾರಿ ಸಂಸ್ಥೆಗಳಿಗೆ ಮಾತ್ರ. ಖಾಸಗಿ ಗಿರಣಿಯ ಬಾಗಿಲಿಗೆ ಬಂದು ನಿಂತುಬಿಡುತ್ತದೆ. ಈ.ಎಸ್.ಐ.ಯಲ್ಲಿ ಸಾಮಾನ್ಯ ಕಾಯಿಲೆಗೆ ವರ್ಷಕ್ಕೆ 91 ದಿನ, ಕೂಲಿಯಲ್ಲಿ ನೂರಕ್ಕೆ 70ರಂತೆ ಸಿಗುತ್ತದೆ. ಮೊಣಕಾಲು 91 ದಿನಕ್ಕೆ ಹೊಸದಾಗುತ್ತದೆಯೇ? ಒಬ್ಬನೇ ಅಂಗಡಿ ನಡೆಸುವ ಸಣ್ಣ ವ್ಯಾಪಾರಿಗಂತೂ ಅದೂ ಇಲ್ಲ. ಅವನು ಹಾಸಿಗೆ ಹಿಡಿದ ದಿನವೇ ಅಂಗಡಿಯ ಬಾಗಿಲು ಮುಚ್ಚುತ್ತದೆ, ಸಾಲದ ಬಡ್ಡಿ ಮಾತ್ರ ತೆರೆದೇ ಇರುತ್ತದೆ.

ಆದುದರಿಂದ ನಮ್ಮ ಬೇಡಿಕೆಗಳು ಸ್ಪಷ್ಟ. 20ನೆಯ ಕಲಮಿನ ರಕ್ಷಣೆ ಖಾಸಗಿ ಕಾರ್ಖಾನೆಗಳಿಗೂ ಬರಲಿ. ನಿಲ್ಲಲಾರದವನಿಗೆ ಕುಳಿತು ಮಾಡುವ ಕೆಲಸ ಅದೇ ಕೂಲಿಗೆ ಸಿಗಲಿ. ಕೂಲಿ ಕಡಿಯದೆ, ಕೆಲಸದ ವೇಳೆಯಲ್ಲೇ ಸಕ್ಕರೆ, ರಕ್ತದೊತ್ತಡ, ಶ್ವಾಸಕೋಶಗಳ ತಪಾಸಣೆ ನಡೆಯಲಿ. ಸಣ್ಣ ವ್ಯಾಪಾರಿಗೂ ಕಾಯಿಲೆಯ ವಿಮೆ ದೊರೆಯಲಿ.

ಕಾರ್ಮಿಕ ಬಂಧುಗಳೇ, ತೂಕ ಇಳಿಸುವುದು ಒಳ್ಳೆಯದೇ. ವೈದ್ಯರು ಹೇಳಿದಂತೆ ನಡೆಯಿರಿ. ಆದರೆ ಮೈ ಸೋತಿತೆಂದು ತಲೆ ತಗ್ಗಿಸಿ ರಾಜೀನಾಮೆಗೆ ಹೆಬ್ಬೆಟ್ಟು ಒತ್ತಬೇಡಿ. ಮೊದಲು ಸಂಘದ ಕಚೇರಿಗೆ ಬನ್ನಿ.