ದೇವರಿಗೆ ‘ನೀನು’ ಅನ್ನೋದು

ಯೂತ್ ಫೆಲೋಷಿಪ್, ರಿಟ್ರೀಟ್ ಅಂತ ಓಡಾಡಿ ಬೆಳೆದವರಿಗೆಲ್ಲ ಈ ಮಾತು ಗೊತ್ತು: ದೇವರ ಜೊತೆ ‘ಪರ್ಸನಲ್ ರಿಲೇಷನ್‌ಷಿಪ್’ ಇರಬೇಕು. ಭಾನುವಾರ ಆರಾಧನೆಗೆ ಬಂದು ಹೋದರೆ ಸಾಲದು, ದೀಕ್ಷಾಸ್ನಾನ ಆಗಿದೆ ಅಂದ್ರೂ ಸಾಲದು, ಆತನ ಪರಿಚಯ ಇರಬೇಕು. ಒಳ್ಳೆಯ ಮಾತೇ. ಆದರೆ ಆ ಪರಿಚಯ ಹೇಗೆ ಮಾಡ್ಕೊಳ್ಳೋದು ಅಂತ ಕೇಳಿದ್ರೆ ಸಾಮಾನ್ಯವಾಗಿ ಕೈಗೆ ಒಂದು ಪಟ್ಟಿ ಬರುತ್ತೆ. ಬೆಳಗ್ಗೆ ಇಷ್ಟು ನಿಮಿಷ ಸತ್ಯವೇದ, ಇಷ್ಟು ನಿಮಿಷ ಪ್ರಾರ್ಥನೆ, ಆ್ಯಪ್‌ನಲ್ಲಿ ಸ್ಟ್ರೀಕ್ ತಪ್ಪಬಾರದು.

ಪಟ್ಟಿ ಕೆಟ್ಟದ್ದೇನಲ್ಲ. ಆದರೆ ಯಾವ ಗೆಳೆಯನೂ ನಮಗೆ ಹೀಗೆ ಹತ್ತಿರ ಆದವನಲ್ಲ. ಮ್ಯಾನೇಜರ್ ಕೇಳಿದ್ರೆ ‘ಎಲ್ಲ ಚೆನ್ನಾಗಿದೆ’ ಅಂತೀವಿ. ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ ‘ಆಗ್ತಿಲ್ಲ ಕಣೋ’ ಅಂತ ಹೇಳೋಕೆ ಆಗೋದು ಒಬ್ಬಿಬ್ಬರಿಗೆ ಮಾತ್ರ. ಯಾರು ಹತ್ತಿರ ಅನ್ನೋದು ಅವರ ಮುಂದೆ ಏನು ಹೇಳಬಲ್ಲೆವು ಅನ್ನೋದರಲ್ಲೇ ಗೊತ್ತಾಗುತ್ತೆ.

ಈ ವಿಷಯದಲ್ಲಿ ಕನ್ನಡ ನಮಗೆ ಒಂದು ಉಪಕಾರ ಮಾಡಿದೆ. ಅಪ್ಪನಿಗೆ ‘ನೀವು’ ಅನ್ನೋ ಮನೆಯಲ್ಲೂ ದೇವರಿಗೆ ‘ನೀನು’. ವಚನಕಾರರು, ದಾಸರು ಮಾತಾಡಿದ್ದು ಹಾಗೇ. ಚರ್ಚಿನಲ್ಲಿ ನಾವು ಹೇಳೋ ಕರ್ತನ ಪ್ರಾರ್ಥನೆಯಲ್ಲೂ ‘ನಿನ್ನ’ ಅಂತಲೇ ಇದೆ. ಯೇಸು ದೇವರನ್ನು ಕರೆದ ಅರಾಮಿಕ್ ಪದ ‘ಅಬ್ಬಾ’. ಹೊಸ ಒಡಂಬಡಿಕೆಯಲ್ಲಿ ಅದು ಮೂರೇ ಕಡೆ ಬರುತ್ತೆ: ಮಾರ್ಕ, ರೋಮಾಪುರ, ಗಲಾತ್ಯ. ಅದು ಮಗುವಿನ ತೊದಲು ಮಾತು ಅಂತ ಪ್ರಸಂಗಗಳಲ್ಲಿ ಹೇಳೋದುಂಟು. ಆದರೆ ದೊಡ್ಡ ಮಕ್ಕಳೂ ತಂದೆಯನ್ನು ಹಾಗೇ ಕರೀತಿದ್ದರು. ಕನ್ನಡ ಸತ್ಯವೇದದಲ್ಲಿ ಅದು ‘ಅಪ್ಪಾ’ ಆಗಿದೆ. ಮೂರು ವರ್ಷದವನೂ ಅಪ್ಪಾ ಅಂತಾನೆ, ನಾನೂ ಅಪ್ಪಾ ಅಂತೀನಿ. ಇದಕ್ಕಿಂತ ಸರಿಯಾದ ಅನುವಾದ ಸಿಗೋದು ಕಷ್ಟ.

ಮಾರ್ಕನಲ್ಲಿ ಆ ಪದ ಬರೋ ಜಾಗ ಗಮನಿಸಿ. ಗೆತ್ಸೆಮನೆ ತೋಟ, ಮರಣದ ಹಿಂದಿನ ರಾತ್ರಿ. ಯೇಸು ‘ಅಪ್ಪಾ’ ಅಂತ ಕರೆದು ಕೇಳಿದ್ದು, ಇದು ನನಗೆ ತಪ್ಪಿಹೋಗಲಿ ಅಂತ. ಕೊನೆಗೆ ನಿನ್ನ ಚಿತ್ತದಂತೆ ಆಗಲಿ ಅಂದದ್ದೂ ನಿಜ. ಆದರೆ ಮೊದಲು ಕೇಳಿದ ಮೇಲೆ. ನಾವು ಮೊದಲ ಭಾಗವನ್ನು ಹಾರಿಸಿ ನೇರ ಎರಡನೆಯದಕ್ಕೆ ಹೋಗ್ತೀವಿ, ಅದೇ ಭಕ್ತಿ ಅಂದುಕೊಂಡು.

ನಮ್ಮಪ್ಪನಿಗೆ ವಾರಕ್ಕೆ 3 ದಿನ ಡಯಾಲಿಸಿಸ್. ಒಂದು ಸಲಕ್ಕೆ 4 ಗಂಟೆ. ನಾನು ಹೊರಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಲ್ಯಾಪ್‌ಟಾಪ್ ಇಟ್ಕೊಂಡು ಸ್ಟ್ಯಾಂಡಪ್ ಕಾಲ್ ಮುಗಿಸ್ತೀನಿ. ಮನೆಯಲ್ಲಿ ರಾತ್ರಿ ಕುಟುಂಬ ಪ್ರಾರ್ಥನೆ ಉಂಟು, ಸರದಿ ಪ್ರಕಾರ. ಅಪ್ಪನ ಸರದಿ ಬಂದ ಒಂದು ದಿನ ಅವರು, ‘ಕರ್ತನೇ, ನಂಗೆ ಸಾಕಾಗಿದೆ. ನೀನು ನೋಡ್ತಾ ಇದ್ದೀಯೋ ಇಲ್ವೋ?’ ಅಂದುಬಿಟ್ಟರು. ಅಮ್ಮ ತಕ್ಷಣ, ‘ಹಾಗೆಲ್ಲ ಅನ್ನಬಾರದು ರೀ, ಸ್ತೋತ್ರ ಹೇಳಿ’ ಅಂದ್ರು.

ನಾನು ಅಪ್ಪನ ಪಕ್ಷ. ಕೀರ್ತನೆಗಳ ಪುಸ್ತಕದಲ್ಲಿ 150 ಕೀರ್ತನೆಗಳಿವೆ. ಎಣಿಸಿದ್ರೆ ಸ್ತುತಿಗಿಂತ ಗೋಳಿನ, ದೂರಿನ ಕೀರ್ತನೆಗಳೇ ಹೆಚ್ಚು. ಅವುಗಳಲ್ಲಿ ಬಹುಪಾಲು ಕೊನೆಗೆ ಭರವಸೆಯ ಕಡೆ ತಿರುಗುತ್ತವೆ. 88ನೆಯದು ತಿರುಗೋದೇ ಇಲ್ಲ, ಕತ್ತಲೆಯಲ್ಲೇ ಮುಗಿಯುತ್ತೆ. ಯಾರೂ ಅದನ್ನು ಪುಸ್ತಕದಿಂದ ತೆಗೆಯಲಿಲ್ಲ. ಇನ್ನು ಯೆರೆಮೀಯ, ನೀನು ನನ್ನನ್ನು ಮರುಳುಮಾಡಿದೆ ಅಂತ ದೇವರ ಮೇಲೇ ಆರೋಪ ಹೊರಿಸಿದವನು. ಪ್ರವಾದಿ ಪಟ್ಟ ಏನೂ ಹೋಗಲಿಲ್ಲ.

ಆದರೆ ನನಗೆ ಇದಕ್ಕಿಂತ ಕಷ್ಟ ಇನ್ನೊಂದಿದೆ. ಅಮ್ಮನಿಗೆ ಶುಗರ್, ನನ್ನ ರಕ್ತದ ಗುಂಪು ಹೊಂದಲಿಲ್ಲ. ಹಾಗಾಗಿ ಅಪ್ಪನ ಹೆಸರು ‘ಜೀವಸಾರ್ಥಕತೆ’ಯ ಕಾಯುವ ಪಟ್ಟಿಯಲ್ಲಿದೆ. ‘ಬೇಗ ಕಿಡ್ನಿ ಸಿಗಲಿ ಅಂತ ಪ್ರಾರ್ಥಿಸ್ತೀವಿ’ ಅಂತ ಸಭೆಯವರು ಪ್ರೀತಿಯಿಂದ ಹೇಳ್ತಾರೆ. ಆ ಪಟ್ಟಿಯಿಂದ ಕಿಡ್ನಿ ಬರೋದು ಯಾವುದೋ ಮನೆಯಲ್ಲಿ ಸಾವಾದ ದಿನ. ಬಹುಶಃ ಬೈಕ್‌ನಿಂದ ಬಿದ್ದ, ನನ್ನದೇ ವಯಸ್ಸಿನ ಯಾರೋ. ನಾನು ಕೇಳಲಿ, ಬಿಡಲಿ, ಆ ಸಾವು ನನ್ನ ಪ್ರಾರ್ಥನೆಯಿಂದ ಆಗೋದಲ್ಲ ಅಂತ ಬುದ್ಧಿಗೆ ಗೊತ್ತು. ಬಾಯಿಗೆ ಮಾತ್ರ ಬರೋದಿಲ್ಲ.

ಇದನ್ನು ಸಭೆಯಲ್ಲಿ ಎದ್ದು ಹೇಳೋಕಾಗಲ್ಲ, ಅಪ್ಪನ ಮುಂದಂತೂ ಇಲ್ಲವೇ ಇಲ್ಲ. ದೇವರಿಗೆ ಹೇಳ್ತೀನಿ. ಅದೇ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ‘ಕೇಳೋಕೆ ಹೆದರಿಕೆ, ಕೇಳದೆ ಇರೋಕೂ ಆಗ್ತಿಲ್ಲ, ನೀನೇ ನೋಡು’ ಅಂತ. ಏನು ಬೇಡಬೇಕು ಅಂತ ನಮಗೇ ತಿಳಿಯದು, ಆತ್ಮನೇ ನಮಗಾಗಿ ನರಳ್ತಾನೆ ಅನ್ನೋ ಅರ್ಥದಲ್ಲಿ ಪೌಲ ರೋಮಾಪುರದವರಿಗೆ ಬರೆದದ್ದು ಇಂಥ ಕುರ್ಚಿಗಳಲ್ಲೇ ಅರ್ಥ ಆಗುತ್ತೆ ಅನ್ಸುತ್ತೆ.

ಉತ್ತರ ಬಂತಾ ಅಂತ ಕೇಳಬಹುದು. ಸ್ವರ ಕೇಳಿಸಲಿಲ್ಲ, ಮೈ ಜುಮ್ ಅನ್ನಲಿಲ್ಲ. ಹತ್ತಿರ ಅಂದ್ರೆ ಹತ್ತಿರ ಅನ್ನಿಸಲೇಬೇಕು ಅನ್ನೋದನ್ನು ನಾನು ಒಪ್ಪಲ್ಲ. ಮದರ್ ತೆರೇಸಾ ಅವರ ಖಾಸಗಿ ಪತ್ರಗಳು 2007ರಲ್ಲಿ ಪುಸ್ತಕವಾಗಿ ಬಂದಾಗ ಜಗತ್ತಿಗೇ ಆಶ್ಚರ್ಯ: ದಶಕಗಳ ಕಾಲ ಆಕೆಗೆ ಪ್ರಾರ್ಥನೆಯಲ್ಲಿ ಸಿಕ್ಕಿದ್ದು ಕತ್ತಲೆ, ಮೌನ. ಹಾಗಂತ ಆಕೆ ಯೇಸುವಿನ ಜೊತೆ ಮಾತು ಬಿಡಲಿಲ್ಲ. 17ನೇ ಶತಮಾನದ ಪ್ಯಾರಿಸ್‌ನಲ್ಲಿ ಬ್ರದರ್ ಲಾರೆನ್ಸ್ ಅಂತ ಒಬ್ಬರಿದ್ದರು; ಮಠದ ಅಡುಗೆಮನೆಯಲ್ಲಿ, ತಮಗೆ ಚೂರೂ ಇಷ್ಟವಿಲ್ಲದ ಕೆಲಸ ಮಾಡ್ತಾ ದಿನವಿಡೀ ದೇವರ ಜೊತೆ ಮಾತಾಡಿದವರು. ಅವರಿಗೂ ಮೊದಮೊದಲ ಕೆಲವು ವರ್ಷ ಮನಸ್ಸಿನಲ್ಲಿ ಭಾರೀ ಕಷ್ಟವೇ ಇತ್ತು. ಪಾತ್ರೆ ತೊಳೀತಾ ಪ್ರಾರ್ಥಿಸಿ ಅಂತ ಅವರ ಹೆಸರಲ್ಲಿ ಉಪದೇಶ ಮಾಡೋರು ಆ ಭಾಗ ಹೇಳೋದು ಕಡಿಮೆ.

ನನ್ನ ಹತ್ತಿರ ವಿಧಾನ ಅಂತ ಏನಿಲ್ಲ. ಡಯಾಲಿಸಿಸ್ ಶುರುವಾದ ಮೇಲೆ ಹತ್ತು ನಿಮಿಷ ಫೋನ್ ಬ್ಯಾಗಿಗೆ ಹಾಕ್ತೀನಿ. ಅವತ್ತು ಇದ್ದದ್ದನ್ನು ಇದ್ದ ಹಾಗೆ ಹೇಳ್ತೀನಿ. ಕೆಲವು ದಿನ ಬರೀ ಆಫೀಸಿನ ಸಿಟ್ಟೇ ಇರುತ್ತೆ. ಕೆಲವು ದಿನ ‘ಬಂದೆ’ ಅನ್ನೋದರಲ್ಲೇ ಮುಗಿಯುತ್ತೆ.

ಕಳೆದ ವಾರ ಕುಟುಂಬ ಪ್ರಾರ್ಥನೆಯಲ್ಲಿ ಅಮ್ಮನ ಸರದಿ. ಅಪ್ಪನಿಗೆ ನೀರು ಅಳತೆಯಲ್ಲೇ ಕೊಡಬೇಕು, ಬೇಸಿಗೆ ಬೇರೆ. ಅಮ್ಮ ಎಂದಿನಂತೆ ಸ್ತೋತ್ರದಿಂದ ಶುರು ಮಾಡಿದವರು ನಡುವೆ ನಿಲ್ಲಿಸಿ, ‘ಸ್ವಾಮಿ, ಇವರಿಗೆ ಒಂದು ಲೋಟ ನೀರು ಹೊಟ್ಟೆತುಂಬ ಕುಡಿಯೋಕಾದ್ರೂ ಬಿಡು, ಅಷ್ಟೂ ಆಗಲ್ವಾ ನಿನಗೆ?’ ಅಂದ್ರು. ಅಪ್ಪ ಕಣ್ಣು ಮುಚ್ಚಿಕೊಂಡೇ ನಕ್ಕರು. ಆಮೇಲೆ ಮೂವರೂ ಕರ್ತನ ಪ್ರಾರ್ಥನೆ ಹೇಳಿ ಊಟಕ್ಕೆ ಎದ್ದೆವು.