ಬಿತ್ತನೆ ಬೀಜ ಬೇಯಿಸಬೇಡಿ

ಅಮೆರಿಕದ ವೃತ್ತಿಪರ ಫುಟ್‌ಬಾಲ್ ತಂಡಗಳು ವರ್ಷಕ್ಕೊಮ್ಮೆ ‘ಡ್ರಾಫ್ಟ್’ನಲ್ಲಿ ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುತ್ತವೆ, ಹೆಚ್ಚು ಸೋತವರಿಗೆ ಮೊದಲ ಸರದಿ. ಮುಂದಿನ ವರ್ಷಗಳ ಸರದಿ ಮಾರಿ ಇಂದೇ ಹೆಸರಾಂತ ಆಟಗಾರನನ್ನು ತರುವುದು ಜಾಣತನವಂತೆ! ನಾವು ಒಪ್ಪುವುದಿಲ್ಲ.

1989ರಲ್ಲಿ ಮಿನೆಸೋಟಾ ತಂಡ ಹರ್ಷೆಲ್ ವಾಕರ್‌ಗಾಗಿ ಹಲವು ಸರದಿಗಳನ್ನು ಡಲ್ಲಾಸ್‌ಗೆ ಕೊಟ್ಟಿತು. 1992ರಲ್ಲಿ ವಾಕರ್ ಬೇರೆ ತಂಡದಲ್ಲಿದ್ದ. ಆ ಸರದಿಗಳಿಂದ ಬಲಗೊಂಡ ಡಲ್ಲಾಸ್ 1993, 1994, 1996ರಲ್ಲಿ ಸೂಪರ್ ಬೌಲ್ ಗೆದ್ದಿತು.

ಲಾಸ್ ಏಂಜಲಿಸ್ ರ್‍ಯಾಮ್ಸ್ ಹೀಗೆಯೇ ಡೆಟ್ರಾಯಿಟ್‌ನಿಂದ ಸ್ಟ್ಯಾಫರ್ಡ್‌ನನ್ನು ತಂದು 2022ರಲ್ಲಿ ಗೆಲ್ಲಲಿಲ್ಲವೇ ಎನ್ನುವಿರಾ? ಗೆದ್ದಿತು. ಆದರೆ ಆ ಪಂದ್ಯದ ಶ್ರೇಷ್ಠ ಆಟಗಾರ ಕೂಪರ್ ಕಪ್ 2017ರ ಡ್ರಾಫ್ಟ್‌ನಿಂದ ಬಂದವನು. ಮುಂದಿನ ಹಂಗಾಮಿನಲ್ಲೇ ತಂಡ 17ರಲ್ಲಿ 12 ಪಂದ್ಯ ಸೋತಿತು. ಆ ಸೋಲಿಗೆ ದೊರೆಯಬೇಕಾದ ಆರನೆಯ ಸರದಿ ಡೆಟ್ರಾಯಿಟ್ ಪಾಲಾಯಿತು.

ಮಾರುವ ವ್ಯವಸ್ಥಾಪಕರು ನಾಳೆ ಇರಲಿಕ್ಕಿಲ್ಲ. ಸಾಲ ತೀರಿಸಬೇಕಾದ್ದು ತಂಡ.